ಕರೆಗೆ ಸೇರಿದ ಕೂಡಲೇ ಬ್ಲೂಟೂತ್ ಧ್ವನಿ ಕೆಡುತ್ತದೆ: ತಪ್ಪು ಡ್ರೈವರ್‌ನದೇ?

ಪ್ರಶ್ನೆ (ಭಾಷಾ ಶಿಕ್ಷಕಿ)

ನಮಸ್ಕಾರ. ವಾರದಲ್ಲಿ ಐದು ದಿನ ಲ್ಯಾಪ್‌ಟಾಪ್‌ನಲ್ಲಿ ಆನ್‌ಲೈನ್ ತರಗತಿ ನಡೆಸುತ್ತೇನೆ. ತಂತಿಯ ಗೋಜು ಬೇಡವೆಂದು ಹೊಸದಾಗಿ ಬ್ಲೂಟೂತ್ ಹೆಡ್‌ಸೆಟ್ ಕೊಂಡೆ. ಹಾಡಾಗಲಿ, ಉಪನ್ಯಾಸವಾಗಲಿ, ಏನು ಹಾಕಿದರೂ ಸೊಗಸಾಗಿ ಕೇಳಿಸುತ್ತದೆ. ಆದರೆ ತರಗತಿಯ ವಿಡಿಯೊ ಕರೆಗೆ ಸೇರಿದ ಮರುಕ್ಷಣವೇ ಎಲ್ಲರೂ ತಗಡಿನ ಡಬ್ಬದೊಳಗೆ ಕುಳಿತು ಮಾತನಾಡಿದಂತೆ ಆಗುತ್ತದೆ. ಕರೆ ಮುಗಿಸಿದರೆ ಎರಡು ಸೆಕೆಂಡಿನಲ್ಲಿ ಮತ್ತೆ ಮೊದಲಿನಂತೆ.

ನಾನು ಉಚ್ಚಾರ ಕಲಿಸುವವಳು. ಮಕ್ಕಳು 'ಸಾಲು' ಎಂದರೂ 'ಶಾಲು' ಎಂದರೂ ನನಗೆ ಒಂದೇ ಆಗಿ ಕೇಳಿಸುತ್ತಿದೆ. ನಿನ್ನೆ ಒಬ್ಬ ಹುಡುಗಿಯಿಂದ 'ಸಾಲು' ಎಂದು ಏಳೆಂಟು ಬಾರಿ ಹೇಳಿಸಿದೆ. ಕೊನೆಗೆ ಅವಳ ತಾಯಿಯೇ ಪರದೆಯ ಮುಂದೆ ಬಂದು, "ಅವಳು ಸರಿಯಾಗಿಯೇ ಹೇಳುತ್ತಿದ್ದಾಳಲ್ಲ" ಎಂದರು. ನನಗೆ ತುಂಬಾ ನೋವಾಯಿತು.

ಬ್ಲೂಟೂತ್ ಡ್ರೈವರ್ ಅನ್ನು, ಅಂದರೆ ಆ ಸಾಧನವನ್ನು ನಡೆಸಲು ವಿಂಡೋಸ್‌ಗೆ ನೆರವಾಗುವ ತಂತ್ರಾಂಶವನ್ನು, ನಾಲ್ಕು ಬಾರಿ ತೆಗೆದು ಮತ್ತೆ ಹಾಕಿದ್ದೇನೆ. ಅಂತರ್ಜಾಲದಲ್ಲಿ ಸಿಕ್ಕ ಒಂದು 'ಡ್ರೈವರ್ ಅಪ್‌ಡೇಟರ್' ತಂತ್ರಾಂಶವನ್ನೂ ಓಡಿಸಿದೆ. ಏನೂ ಬದಲಾಗಲಿಲ್ಲ. ನನ್ನದು ವಿಂಡೋಸ್ 11. ಹೆಡ್‌ಸೆಟ್ ಹಿಂದಿರುಗಿಸಬೇಕೇ?

ಉತ್ತರ (ಲ್ಯಾಪ್‌ಟಾಪ್ ದುರಸ್ತಿ ತಂತ್ರಜ್ಞ)

ಹಿಂದಿರುಗಿಸಬೇಡಿ. ಹೆಡ್‌ಸೆಟ್ ಕೆಟ್ಟಿಲ್ಲ, ಡ್ರೈವರ್ ಕೂಡ ಬಹುಶಃ ಕೆಟ್ಟಿಲ್ಲ. ಹಾಡು ಚೆನ್ನಾಗಿ ಕೇಳಿಸುತ್ತದೆ, ಕರೆಯಲ್ಲಿ ಮಾತ್ರ ಕೆಡುತ್ತದೆ, ಕರೆ ಮುಗಿದರೆ ತಾನಾಗಿ ಸರಿಹೋಗುತ್ತದೆ ಎಂದಿರಿ. ಈ ಮೂರು ಮಾತಿನಲ್ಲೇ ಉತ್ತರವಿದೆ. ಕೆಟ್ಟ ಡ್ರೈವರ್ ಹೀಗೆ ಗಡಿಯಾರ ನೋಡಿ ಕೆಟ್ಟು, ಗಡಿಯಾರ ನೋಡಿ ಸರಿಹೋಗುವುದಿಲ್ಲ.

ಹಳೆಯ ಬಗೆಯ ಬ್ಲೂಟೂತ್‌ನಲ್ಲಿ ಧ್ವನಿ ಸಾಗಲು ಎರಡು ಬೇರೆ ಬೇರೆ ದಾರಿಗಳಿವೆ. ಒಂದು ಎ2ಡಿಪಿ. ಇದು ಏಕಮುಖ ಸಂಚಾರದ ಅಗಲ ರಸ್ತೆ. ಲ್ಯಾಪ್‌ಟಾಪ್‌ನಿಂದ ಕಿವಿಗೆ ಮಾತ್ರ ಧ್ವನಿ ಬರುತ್ತದೆ, ಸಾಮಾನ್ಯವಾಗಿ ಸೆಕೆಂಡಿಗೆ 44,100 ಅಥವಾ 48,000 ಮಾದರಿಗಳ (ಧ್ವನಿಯನ್ನು ಅಳೆದ ಬಿಡಿ ಅಂಕಿಗಳ) ಲೆಕ್ಕದಲ್ಲಿ, ಎಡ ಬಲ ಎರಡೂ ಬೇರೆಬೇರೆಯಾಗಿ. ಇನ್ನೊಂದು ಎಚ್‌ಎಫ್‌ಪಿ, ಅಂದರೆ ಹ್ಯಾಂಡ್ಸ್‌ಫ್ರೀ. ಇದರಲ್ಲಿ ಧ್ವನಿ ಬರುತ್ತದೆ, ಹೋಗುತ್ತದೆ ಕೂಡ. ಆದರೆ ಇದು ದೂರವಾಣಿಗೆಂದು ಹಾಕಿದ ಕಿರುದಾರಿ: ಸಾಮಾನ್ಯವಾಗಿ ಸೆಕೆಂಡಿಗೆ 8,000 ಇಲ್ಲವೇ 16,000 ಮಾದರಿ, ಅದೂ ಒಂದೇ ಕಿವಿಯಷ್ಟು ಧ್ವನಿ. ಯಾವುದಾದರೂ ಆ್ಯಪ್ ಹೆಡ್‌ಸೆಟ್‌ನ ಮೈಕನ್ನು ತೆರೆದ ಕೂಡಲೇ ವಿಂಡೋಸ್ ಮೊದಲ ದಾರಿಯನ್ನು ಮುಚ್ಚಿ ಎರಡನೆಯದಕ್ಕೆ ಹೊರಳುತ್ತದೆ. ನಿಮಗೆ ಕೇಳಿಸುವ 'ಡಬ್ಬ' ಅದೇ.

ನಿಮ್ಮ 'ಸಾಲು', 'ಶಾಲು' ನನಗೆ ಬಹಳ ಮುಖ್ಯವೆನಿಸಿತು. ಸೆಕೆಂಡಿಗೆ 8,000 ಮಾದರಿ ತೆಗೆದರೆ ಅದರ ಅರ್ಧ, ಅಂದರೆ 4,000 ಹರ್ಟ್ಸ್‌ವರೆಗಿನ ಧ್ವನಿಯಷ್ಟೇ ಉಳಿಯುತ್ತದೆ. ಅದಕ್ಕಿಂತ ಮೇಲಿನದೆಲ್ಲ ಮಾಯ. ಸ್ವರಗಳು ಬಹುಮಟ್ಟಿಗೆ ಕೆಳಗಿನ ಭಾಗದಲ್ಲಿರುವುದರಿಂದ ಮಾತು ಅರ್ಥವಾಗುತ್ತದೆ. ಆದರೆ 'ಸ'ಕಾರದ ಸೀಟಿಯಂಥ ಸದ್ದಿನ ಬಹುಪಾಲು 4,000 ಹರ್ಟ್ಸ್‌ಗಿಂತ ಮೇಲಿರುತ್ತದೆ. 'ಶ'ಕಾರದ್ದು ಅದಕ್ಕಿಂತ ಕೆಳಗಿನಿಂದಲೇ ಶುರುವಾಗುತ್ತದೆ. ಮೇಲ್ಭಾಗವನ್ನು ಕತ್ತರಿಸಿದರೆ ಇವೆರಡನ್ನೂ ಬೇರೆ ಮಾಡುವ ಗುರುತೇ ಹೋಗಿಬಿಡುತ್ತದೆ. ಆ ಹುಡುಗಿ ಸರಿಯಾಗಿಯೇ ಹೇಳಿದ್ದಾಳೆ, ನಿಮ್ಮ ಕಿವಿಯೂ ಸರಿಯಾಗಿದೆ. ನಡುವಿನ ದಾರಿ ಅವಳ 'ಸ'ಕಾರವನ್ನು ನಿಮಗೆ ತಲುಪಿಸಿಲ್ಲ.

ಪರಿಹಾರ ಸರಳ. ಕೇಳಲು ಹೆಡ್‌ಸೆಟ್ ಬಳಸಿ, ಮಾತನಾಡಲು ಲ್ಯಾಪ್‌ಟಾಪ್‌ನದೇ ಮೈಕ್ ಬಳಸಿ. ಕರೆಯ ಆ್ಯಪ್‌ನ ಆಡಿಯೊ ಸೆಟ್ಟಿಂಗ್ಸ್‌ನಲ್ಲಿ ಸ್ಪೀಕರ್ ಎಂಬಲ್ಲಿ ಹೆಡ್‌ಸೆಟ್‌ನ ಹೆಸರಿರಲಿ, ಮೈಕ್ರೋಫೋನ್ ಎಂಬಲ್ಲಿ ಲ್ಯಾಪ್‌ಟಾಪ್‌ನ ಒಳಮೈಕನ್ನು ಆರಿಸಿ. ವಿಂಡೋಸ್‌ನ ಸೌಂಡ್ ಸೆಟ್ಟಿಂಗ್ಸ್‌ನಲ್ಲೂ ಇನ್‌ಪುಟ್ ಜಾಗದಲ್ಲಿ ಅದನ್ನೇ ಇಡಿ. 'ಡೀಫಾಲ್ಟ್' ಎಂದು ಬಿಡಬೇಡಿ, ಹೆಸರು ಹಿಡಿದೇ ಆರಿಸಿ. ಕೀಲಿಮಣೆಯ ಟಕಟಕ ಸದ್ದು ಮೈಕಿಗೆ ಬೀಳುವುದು ಇದರ ಒಂದು ಕೊರತೆ. ಅದು ಕಾಡಿದರೆ ಯುಎಸ್‌ಬಿ ಮೈಕ್ ಒಂದನ್ನು ಇಟ್ಟುಕೊಳ್ಳಿ.

ಇಷ್ಟು ಮಾಡಿದ ಮೇಲೂ ಡಬ್ಬದ ಧ್ವನಿ ಬಂದರೆ, ಬೇರೆ ಯಾವುದೋ ಆ್ಯಪ್ ಹೆಡ್‌ಸೆಟ್‌ನ ಮೈಕನ್ನು ಹಿಡಿದು ಕುಳಿತಿದೆ ಎಂದರ್ಥ. ಟಾಸ್ಕ್‌ಬಾರ್‌ನ ಬಲತುದಿಯಲ್ಲಿ ಗಡಿಯಾರದ ಹತ್ತಿರ ಪುಟ್ಟ ಮೈಕ್ ಚಿಹ್ನೆ ಇದೆಯೇ ನೋಡಿ. ಅದರ ಮೇಲೆ ಮೌಸ್ ತಂದರೆ ಯಾವ ಆ್ಯಪ್ ಎಂಬ ಹೆಸರು ಕಾಣುತ್ತದೆ.

ಪ್ರಶ್ನೆ (ಮತ್ತೊಬ್ಬ ಸದಸ್ಯ)

ಒಂದು ಸಂದೇಹ. ನನ್ನ ಹೆಡ್‌ಸೆಟ್‌ನ ಪೆಟ್ಟಿಗೆಯ ಮೇಲೆ ಬ್ಲೂಟೂತ್ 5.3 ಎಂದು ಮುದ್ರಿಸಿದ್ದಾರೆ. ಇಷ್ಟು ಹೊಸದರಲ್ಲೂ ಈ ಕಿರುದಾರಿಯ ಕಾಟ ತಪ್ಪಿಲ್ಲವೇ?

ಉತ್ತರ

ಆ ಅಂಕಿಯನ್ನು ನೋಡಿ ಮೋಸಹೋದವರು ಬಹಳ ಮಂದಿ. ಎಲ್ಇ ಆಡಿಯೊ ಎಂಬ ಹೊಸ ವ್ಯವಸ್ಥೆಯಲ್ಲಿ ಎಲ್‌ಸಿ3 ಎಂಬ ಹೊಸ ಕೋಡೆಕ್ (ಧ್ವನಿಯನ್ನು ಕುಗ್ಗಿಸಿ ಕಳುಹಿಸಿ ಮತ್ತೆ ಬಿಡಿಸುವ ವಿಧಾನ) ಇದೆ, ಮೈಕ್ ತೆರೆದಿದ್ದರೂ ಧ್ವನಿ ಇಷ್ಟು ಕುಗ್ಗಬೇಕಾಗಿಲ್ಲ. ಅದಕ್ಕೆ ಅಡಿಪಾಯ ಹಾಕಿದ್ದು 5.2ನೇ ಆವೃತ್ತಿ. ಆದರೆ 5.2 ಅಥವಾ 5.3 ಎಂದಿದ್ದ ಮಾತ್ರಕ್ಕೆ ಎಲ್ಇ ಆಡಿಯೊ ಇದ್ದೇ ಇರಬೇಕೆಂಬ ನಿಯಮವಿಲ್ಲ. ಹೆಡ್‌ಸೆಟ್‌ನಲ್ಲೂ ಇರಬೇಕು, ಲ್ಯಾಪ್‌ಟಾಪ್‌ನ ಬ್ಲೂಟೂತ್ ಚಿಪ್‌ನಲ್ಲೂ ಇರಬೇಕು, ಬ್ಲೂಟೂತ್ ಮತ್ತು ಆಡಿಯೊ ಡ್ರೈವರ್‌ಗಳೂ ಒಪ್ಪಬೇಕು. ವಿಂಡೋಸ್ 11ರ 22ಎಚ್2 ಆವೃತ್ತಿಯಿಂದ ಇದಕ್ಕೆ ಬೆಂಬಲವಿದೆ. ಬ್ಲೂಟೂತ್ ಸೆಟ್ಟಿಂಗ್ಸ್‌ನಲ್ಲಿ ಎಲ್ಇ ಆಡಿಯೊ ಬಳಸುವ ಗುಂಡಿ ಕಾಣಿಸಿದರೆ ನಿಮ್ಮ ಲ್ಯಾಪ್‌ಟಾಪ್ ಸಿದ್ಧವಿದೆ. ಆ ಸಾಲೇ ಇಲ್ಲದಿದ್ದರೆ ಇನ್ನೂ ಇಲ್ಲ.

ಪ್ರಶ್ನೆ (ಮೂರನೆಯ ಸದಸ್ಯೆ)

ನನ್ನ ತೊಂದರೆ ಬೇರೆ. ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದರೆ ಬ್ಲೂಟೂತ್ ಗುಂಡಿಯೇ ಇಲ್ಲ! ವಿಂಡೋಸ್‌ನ ಸಾಧನಗಳ ಪಟ್ಟಿಯಾದ ಡಿವೈಸ್ ಮ್ಯಾನೇಜರ್‌ನಲ್ಲಿ ಬ್ಲೂಟೂತ್ ಎಂಬ ಸಾಲೇ ಕಾಣೆಯಾಗಿದೆ. ವೈ-ಫೈ ಮಾತ್ರ ಚೆನ್ನಾಗಿ ನಡೆಯುತ್ತಿದೆ. ಚಿಪ್ ಸುಟ್ಟುಹೋಗಿದೆಯೇ?

ಉತ್ತರ

ವೈ-ಫೈ ನಡೆಯುತ್ತಿದೆ ಎಂದಿರಲ್ಲ, ಅದು ಒಳ್ಳೆಯ ಸುದ್ದಿ. ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ವೈ-ಫೈ ಮತ್ತು ಬ್ಲೂಟೂತ್ ಎರಡೂ ಬೆರಳಗಲದ ಒಂದೇ ಕಾರ್ಡ್‌ನಲ್ಲಿರುತ್ತವೆ. ಆದರೆ ಲ್ಯಾಪ್‌ಟಾಪ್‌ನ ಜೊತೆ ಅವು ಮಾತನಾಡುವ ದಾರಿ ಸಾಮಾನ್ಯವಾಗಿ ಬೇರೆ: ವೈ-ಫೈ ಪಿಸಿಐ ಎಕ್ಸ್‌ಪ್ರೆಸ್ ಮೂಲಕ, ಬ್ಲೂಟೂತ್ ಒಳಗಿನ ಯುಎಸ್‌ಬಿ ಮೂಲಕ. ಆದ್ದರಿಂದ ಒಂದು ಬದುಕಿದ್ದು ಇನ್ನೊಂದು ಮಲಗಿಬಿಡಬಹುದು. ಸುಟ್ಟುಹೋಗಿದೆ ಎಂದು ಈಗಲೇ ತೀರ್ಮಾನಿಸಬೇಡಿ.

ಡಿವೈಸ್ ಮ್ಯಾನೇಜರ್‌ನ ಕೆಳಭಾಗದಲ್ಲಿ, ಯುಎಸ್‌ಬಿ ಕಂಟ್ರೋಲರ್‌ಗಳ ಪಟ್ಟಿಯಲ್ಲಿ ಹಳದಿ ಗುರುತಿನ 'ಅನ್‌ನೋನ್ ಯುಎಸ್‌ಬಿ ಡಿವೈಸ್' ಇದೆಯೇ ನೋಡಿ. ಹೊರಗಿನ ಸಾಧನಗಳನ್ನೆಲ್ಲ ಕಿತ್ತ ಮೇಲೂ ಅದು ಉಳಿದು, ಕೋಡ್ 43 ಎಂಬ ದೋಷ ಸಂಖ್ಯೆ ತೋರಿಸಿದರೆ, ಅದು ಬಹುಪಾಲು ನಿಮ್ಮ ಕಾಣೆಯಾದ ಬ್ಲೂಟೂತೇ. ತನ್ನ ಹೆಸರು ಹೇಳಲೂ ಆಗದಂತೆ ಅದು ಸಿಕ್ಕಿಹಾಕಿಕೊಂಡಿದೆ. ಹೆಸರನ್ನೇ ಹೇಳದ ಸಾಧನಕ್ಕೆ ವಿಂಡೋಸ್ ಯಾವ ಡ್ರೈವರ್ ಹಾಕೀತು? ಹಾಗಾಗಿ ಈ ಹಂತದಲ್ಲಿ ಡ್ರೈವರ್ ಹುಡುಕುತ್ತಾ ಕೂರುವುದು ವ್ಯರ್ಥ.

ಬೇಕಾದದ್ದು ಕಾರ್ಡ್‌ಗೆ ಹೋಗುವ ವಿದ್ಯುತ್ತನ್ನು ಪೂರ್ತಿ ನಿಲ್ಲಿಸುವುದು. ನಾವು 'ಶಟ್‌ಡೌನ್' ಒತ್ತಿದಾಗ ಲ್ಯಾಪ್‌ಟಾಪ್ ನಿಜಕ್ಕೂ ಪೂರ್ತಿ ಆರುವುದಿಲ್ಲ. ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ ವಿಂಡೋಸ್ ತನ್ನ ಒಳತಿರುಳನ್ನು ಡಿಸ್ಕ್‌ನಲ್ಲಿ ಉಳಿಸಿಟ್ಟು, ಮರುದಿನ ಅದನ್ನೇ ಎತ್ತಿಕೊಳ್ಳುತ್ತದೆ, ನಿನ್ನೆಯ ತೊಡಕಿನ ಸಮೇತ. ಶಿಫ್ಟ್ ಕೀಲಿ ಹಿಡಿದು ಶಟ್‌ಡೌನ್ ಒತ್ತಿ. ಚಾರ್ಜರ್ ಕಿತ್ತುಬಿಡಿ, ಬೇರೆ ಎಲ್ಲ ತಂತಿಗಳನ್ನೂ ತೆಗೆಯಿರಿ. ಪವರ್ ಗುಂಡಿಯನ್ನು 30 ಸೆಕೆಂಡು ಒತ್ತಿ ಹಿಡಿಯಿರಿ. ನಡುವೆ ಲ್ಯಾಪ್‌ಟಾಪ್ ಹೊತ್ತಿಕೊಂಡಂತೆ ಕಂಡರೂ ಕೈ ಬಿಡಬೇಡಿ. ಒಂದೆರಡು ನಿಮಿಷ ಬಿಟ್ಟು ಚಾರ್ಜರ್ ಹಾಕಿ ತೆರೆಯಿರಿ. ನನ್ನ ಮೇಜಿಗೆ 'ಚಿಪ್ ಸತ್ತಿದೆ' ಎಂಬ ಹಣೆಪಟ್ಟಿಯೊಂದಿಗೆ ಬಂದ ಎಷ್ಟೋ ಲ್ಯಾಪ್‌ಟಾಪ್‌ಗಳು ಇಷ್ಟರಲ್ಲೇ ಎದ್ದು ಕುಳಿತಿವೆ.

ಬ್ಲೂಟೂತ್ ಮರಳಿದ ಮೇಲೆ ಅದರ ಪ್ರಾಪರ್ಟೀಸ್‌ನಲ್ಲಿ ಪವರ್ ಮ್ಯಾನೇಜ್‌ಮೆಂಟ್ ಪುಟವಿದ್ದರೆ, ವಿದ್ಯುತ್ ಉಳಿಸಲು ಸಾಧನವನ್ನು ಆಫ್ ಮಾಡಬಹುದು ಎಂಬ ಗುರುತನ್ನು ತೆಗೆದುಬಿಡಿ. ಲ್ಯಾಪ್‌ಟಾಪ್ ನಿದ್ರೆಯಿಂದ (ಸ್ಲೀಪ್) ಏಳುವಾಗಲೇ ಈ ಎಡವಟ್ಟು ಹೆಚ್ಚು.

ಮೂರನೆಯ ಸದಸ್ಯೆ

ಬಂತು! ಕೋಡ್ 43 ಇತ್ತು. 30 ಸೆಕೆಂಡು ಹಿಡಿದು ಬಿಟ್ಟು ತೆರೆದೆ, ಗುಂಡಿ ಮರಳಿದೆ. ಹೊಸ ಕಾರ್ಡ್ ಕೊಳ್ಳಲು ಹೊರಟಿದ್ದೆ.

ಪ್ರಶ್ನೆ (ನಾಲ್ಕನೆಯ ಸದಸ್ಯ)

ನನ್ನದು ಕೂಡಿಕೊಳ್ಳುತ್ತದೆ, ಆದರೆ ಹಾಡು ನಡುನಡುವೆ ಕತ್ತರಿಸಿಕೊಂಡು ಬರುತ್ತದೆ. ಕೆಲವು ದಿನ ಏನೂ ಆಗುವುದಿಲ್ಲ, ಕೆಲವು ದಿನ ಕೇಳಲಾಗದಷ್ಟು. ಡ್ರೈವರ್ ಹೊಸದೇ ಇದೆ.

ಉತ್ತರ

ಕೆಲವು ದಿನ ಮಾತ್ರ ಎಂದರೆ, ಆ ದಿನಗಳಲ್ಲಿ ಮೇಜಿನ ಮೇಲೆ ಇನ್ನೇನಿರುತ್ತದೆ ಎಂದು ಮೊದಲು ಗಮನಿಸಿ. ಹೊರಗಿನ ಹಾರ್ಡ್ ಡಿಸ್ಕ್ ಅಥವಾ ಯುಎಸ್‌ಬಿ 3 ಹಬ್ ಸಿಕ್ಕಿಸಿರುತ್ತೀರಾ?

ನಾಲ್ಕನೆಯ ಸದಸ್ಯ

ಹೌದು, ಬ್ಯಾಕಪ್ ತೆಗೆಯುವ ದಿನ ಹಾರ್ಡ್ ಡಿಸ್ಕ್ ಎಡಗಡೆ ಇರುತ್ತದೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ಉತ್ತರ

ಬಹಳ ಹತ್ತಿರದ ಸಂಬಂಧ. ಬ್ಲೂಟೂತ್ ನಡೆಯುವುದು 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ. ಅದನ್ನು 79 ಕಿರು ಮಾರ್ಗಗಳಾಗಿ ಸೀಳಿ, ಸೆಕೆಂಡಿಗೆ 1,600 ಬಾರಿ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತಾ ಸದ್ದುಗದ್ದಲ ಇರುವಲ್ಲಿಂದ ತಪ್ಪಿಸಿಕೊಳ್ಳುತ್ತದೆ. ಯುಎಸ್‌ಬಿ 3 ಸಾಧನ ಕೆಲಸ ಮಾಡುವಾಗ ಅದರ ತಂತಿ ಮತ್ತು ಕನೆಕ್ಟರ್‌ನಿಂದ ಹೊಮ್ಮುವ ರೇಡಿಯೊ ಗದ್ದಲ ಇದೇ ಪಟ್ಟಿಯ ತುಂಬ ಹರಡುತ್ತದೆ. ಇದನ್ನು ಇಂಟೆಲ್ ಕಂಪನಿಯೇ 2012ರಲ್ಲಿ ಅಳೆದು ಪ್ರಕಟಿಸಿದೆ. ಎಲ್ಲ ಮಾರ್ಗಗಳಲ್ಲೂ ಗದ್ದಲವಿದ್ದರೆ ಜಿಗಿದು ಹೋಗುವುದೆಲ್ಲಿಗೆ?

ಒಮ್ಮೆ ಇಂಥದ್ದೇ ಲ್ಯಾಪ್‌ಟಾಪ್ ನನ್ನ ಮುಂದಿತ್ತು. ಹಾರ್ಡ್ ಡಿಸ್ಕ್‌ನ ದೀಪ ಮಿನುಗಿದಾಗಲೆಲ್ಲ ಹಾಡು ತುಂಡಾಗುತ್ತಿತ್ತು, ದೀಪ ಸುಮ್ಮನಾದರೆ ಹಾಡೂ ನೆಟ್ಟಗೆ. ಡಿಸ್ಕನ್ನು ಉದ್ದ ತಂತಿಯಿಂದ ಮೊಳದೂರಕ್ಕೆ ಸರಿಸಿ, ಬಲಗಡೆಯ ಕಿಂಡಿಗೆ ಹಾಕಿದೆ. ದೀಪ ಮಿನುಗುತ್ತಲೇ ಇತ್ತು, ಹಾಡು ನಿಲ್ಲಲಿಲ್ಲ. ನೀವೂ ಹಾಗೇ ಮಾಡಿ ನೋಡಿ. ವೈ-ಫೈ ಕೂಡ 2.4ರಲ್ಲಿದ್ದರೆ 5 ಗಿಗಾಹರ್ಟ್ಸ್‌ಗೆ ಬದಲಿಸಿ, ಒಂದೇ ಪಟ್ಟಿಗಾಗಿ ಎರಡರ ಜಗಳವೂ ತಪ್ಪುತ್ತದೆ.

ಪ್ರಶ್ನೆ (ಐದನೆಯ ಸದಸ್ಯ)

ಒಂದೇ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಇಟ್ಟಿದ್ದೇನೆ. ಲಿನಕ್ಸ್‌ನಲ್ಲಿ ಹೆಡ್‌ಸೆಟ್ ಜೋಡಿಸಿದರೆ ವಿಂಡೋಸ್‌ನಲ್ಲಿ ತಪ್ಪುತ್ತದೆ, ಅಲ್ಲಿ ಜೋಡಿಸಿದರೆ ಇಲ್ಲಿ ತಪ್ಪುತ್ತದೆ.

ಉತ್ತರ

ಜೋಡಣೆಯ ವೇಳೆ ಎರಡೂ ಕಡೆ ಒಂದು ರಹಸ್ಯ ಕೀಲಿ ಉಳಿಯುತ್ತದೆ. ಹೆಡ್‌ಸೆಟ್ ಅದನ್ನು ಬ್ಲೂಟೂತ್ ಚಿಪ್‌ನ ವಿಳಾಸದ ಹೆಸರಿನಲ್ಲಿ ನೆನಪಿಡುತ್ತದೆ. ನಿಮ್ಮ ಎರಡು ವ್ಯವಸ್ಥೆಗಳಿಗೂ ಚಿಪ್ ಒಂದೇ, ವಿಳಾಸ ಒಂದೇ, ಕೀಲಿ ಮಾತ್ರ ಬೇರೆ. ಹೊಸದು ಬಂದಾಗ ಹಳೆಯದು ಅಳಿಸಿಹೋಗುತ್ತದೆ. ವಿಂಡೋಸ್‌ನ ಸೆಟ್ಟಿಂಗ್‌ಗಳ ಭಂಡಾರವಾದ ರಿಜಿಸ್ಟ್ರಿಯಲ್ಲಿರುವ ಕೀಲಿಯನ್ನು ಲಿನಕ್ಸ್‌ನ ಬ್ಲೂಟೂತ್ ತಂತ್ರಾಂಶವಾದ ಬ್ಲೂಝೆಡ್‌ನ ಕಡತಕ್ಕೆ ನಕಲಿಸಿದರೆ ಎರಡೂ ಒಪ್ಪುತ್ತವೆ. ಆ ಕೆಲಸ ಅಭ್ಯಾಸವಿಲ್ಲದಿದ್ದರೆ ಪುಟ್ಟ ಯುಎಸ್‌ಬಿ ಬ್ಲೂಟೂತ್ ಅಡಾಪ್ಟರನ್ನು ಒಂದು ವ್ಯವಸ್ಥೆಗಷ್ಟೇ ಮೀಸಲಿಡಿ. ವಿಳಾಸ ಬೇರೆಯಾಗುವುದರಿಂದ ತಕರಾರು ಮುಗಿಯುತ್ತದೆ.

ಭಾಷಾ ಶಿಕ್ಷಕಿ

ಮರಳಿ ಬಂದೆ. ಆ್ಯಪ್‌ನಲ್ಲಿ ಒಳಮೈಕ್ ಆರಿಸಿದರೂ ಮೊದಲಿಗೆ ಸರಿಹೋಗಲಿಲ್ಲ. ನೀವು ಹೇಳಿದ ಮೈಕ್ ಚಿಹ್ನೆಯ ಮೇಲೆ ಮೌಸ್ ಇಟ್ಟೆ. ಎಂದೋ ಹಾಕಿಕೊಂಡಿದ್ದ ಧ್ವನಿ ಮುದ್ರಿಸುವ ಆ್ಯಪ್ ಒಂದು ಹಿಂದೆ ತೆರೆದೇ ಇತ್ತು. ಅದನ್ನು ಮುಚ್ಚಿದ ಕ್ಷಣ ಕಿವಿಯ ಮೇಲಿನ ಡಬ್ಬವನ್ನು ಯಾರೋ ಎತ್ತಿದಂತಾಯಿತು. ಇಂದು ಅದೇ ಹುಡುಗಿಯಿಂದ 'ಸಾಲು, ಶಾಲು' ಎಂದು ಹೇಳಿಸಿದೆ. ಎರಡೂ ಸ್ಪಷ್ಟ, ಒಂದೊಂದು ಅಕ್ಷರವೂ ಬಿಡಿಸಿಟ್ಟಂತೆ. ಎಲ್ಲ ಮಕ್ಕಳ ಮುಂದೆಯೇ ಅವಳ ಕ್ಷಮೆ ಕೇಳಿದೆ.

ಉತ್ತರ

ನನಗೆ ತುಂಬಾ ಸಂತೋಷವಾಯಿತು. ಒಂದು ಕೆಲಸ ಬಾಕಿ ಇದೆ, ಇಂದೇ ಮಾಡಿ. ಆ 'ಡ್ರೈವರ್ ಅಪ್‌ಡೇಟರ್' ತಂತ್ರಾಂಶವನ್ನು ತೆಗೆದುಹಾಕಿ. ಅಂಥವು ನಿಮ್ಮ ಮಾದರಿಗೆ ಹೊಂದದ ಡ್ರೈವರ್ ತಂದು ಕೂರಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಮೇಲೆ ಲ್ಯಾಪ್‌ಟಾಪ್‌ನ ತಳದಲ್ಲಿರುವ ಮಾದರಿ ಸಂಖ್ಯೆಯನ್ನು ತಯಾರಕರ ಸಹಾಯ ಪುಟದಲ್ಲಿ ಹಾಕಿ, ಬ್ಲೂಟೂತ್ ಮತ್ತು ಆಡಿಯೊ ಡ್ರೈವರ್‌ಗಳೆರಡನ್ನೂ ಅಲ್ಲಿಂದಲೇ ಇಳಿಸಿಕೊಳ್ಳಿ. ಹಾಕಿದ ಮೇಲೆ ಶಟ್‌ಡೌನ್ ಬೇಡ, ಮೇಲೆ ಹೇಳಿದ ಫಾಸ್ಟ್ ಸ್ಟಾರ್ಟಪ್ ಹಳೆಯದನ್ನೇ ಎತ್ತಿಕೊಳ್ಳಬಹುದು; ರೀಸ್ಟಾರ್ಟ್ ಮಾಡಿ.