ಸಹಾಯ ಬೇಕು: ಅಫೀಮಿನ ಚಟ ಇರುವ ಹೃದ್ರೋಗಿಗಳ ರೋಗನಿರೋಧಕ ಶಕ್ತಿ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಕಡೆಯವಳು, ಈಗ ಜೋಧಪುರದಲ್ಲಿ ಹೃದ್ರೋಗ ವಾರ್ಡಿನ ನರ್ಸ್. ಇಲ್ಲಿನ ಹಳ್ಳಿಗಳಲ್ಲಿ ಅಫೀಮು ಅಂದರೆ ಮರ್ಯಾದೆ. ಅರೆದು, ನೀರಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ಅಂಗೈಯಲ್ಲೇ ಹಿಡಿದು ನೆಂಟರಿಗೆ ಕುಡಿಸುತ್ತಾರೆ. ಬೇಡ ಅಂದರೆ ಮುನಿಸು! ಎದೆಗೆ ಒಳ್ಳೆಯದು ಅನ್ನುವ ನಂಬಿಕೆ ಬೇರೆ.

ಇರಾನಿನಲ್ಲೂ ಈ ನಂಬಿಕೆ ಇದೆ. ಆದರೆ ಅಲ್ಲಿನ ಗೋಲೆಸ್ತಾನ್ ಪ್ರಾಂತ್ಯದಲ್ಲಿ ಸುಮಾರು 50,000 ಜನರನ್ನು ಗಮನಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನ ಉಲ್ಟಾ ಹೇಳುತ್ತದೆ. ಅಫೀಮು ತಿನ್ನುವವರಲ್ಲಿ ಸಾವು ಜಾಸ್ತಿ, ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದಲೂ.

ನನಗೆ ಗೊಂದಲ ಇರುವುದು ಇಲ್ಲಿ. ಬಿಳಿ ರಕ್ತಕಣಗಳ ಮೇಲೂ ಅಫೀಮಿನಲ್ಲಿರುವ ಮಾರ್ಫಿನ್ ಅಂಟಿಕೊಳ್ಳುವ ಗ್ರಾಹಕಗಳಿವೆ. ಅದರಿಂದ ನ್ಯಾಚುರಲ್ ಕಿಲ್ಲರ್ ಕಣಗಳು (ಸೋಂಕು ತಗಲಿದ ಜೀವಕೋಶಗಳನ್ನು ಕೊಲ್ಲುವ ಬಿಳಿ ರಕ್ತಕಣಗಳು) ಮಂಕಾಗುತ್ತವೆ, ಸೋಂಕು ಬೇಗ ತಗಲುತ್ತದೆ. ಸರಿ. ಹಾಗಿದ್ದರೆ ಬಿಳಿ ರಕ್ತಕಣಗಳಿಂದಲೇ ಆಗುವ, ಬ್ಲಾಕ್ ಬೆಳೆಸುವ ರಕ್ತನಾಳದ ಉರಿಯೂತವೂ ತಗ್ಗಬೇಕಿತ್ತು ಅಲ್ವಾ? ಮತ್ತೆ ಬ್ಲಾಕ್ ಯಾಕೆ ಜಾಸ್ತಿ ಆಗುತ್ತದೆ? ಇಮ್ಯುನಾಲಜಿ ಓದಿದವರು ಯಾರಾದರೂ ಸರಳವಾಗಿ ಬಿಡಿಸಿ ಹೇಳುತ್ತೀರಾ?

ಇನ್ನೊಂದು. ಬೈಪಾಸ್ ಆದ ಮೇಲೆ ಅಫೀಮು ಸಿಗದೆ ಬೆವರು, ಭೇದಿ, ನಾಡಿ ಓಟ ಶುರುವಾಗುತ್ತದೆ. ಮನೆಯವರು ದಿಂಬಿನ ಕೆಳಗೆ ಸುಮ್ನೆ ಒಂದು ಉಂಡೆ ಇಟ್ಟು ಹೋಗುತ್ತಾರೆ, ಪಾಪ, ಪ್ರೀತಿಯಿಂದಲೇ. ಇಂಥವರಿಗೆ ನಿಮ್ಮ ಆಸ್ಪತ್ರೆಗಳಲ್ಲಿ ಆಪರೇಷನ್‌ಗೆ ಮುಂಚೆಯೇ ಮನೋವೈದ್ಯರನ್ನು ಕರೆಸುತ್ತೀರಾ? ಬ್ಯುಪ್ರಿನಾರ್ಫಿನ್ (ಅಫೀಮಿನ ಬದಲು ಕೊಟ್ಟು ಚಟ ಬಿಡಿಸುವ ಔಷಧಿ) ಕೊಟ್ಟ ಅನುಭವ ಇರುವವರು ದಯವಿಟ್ಟು ಬರೆಯಿರಿ. ಗಾಯದ ಸೋಂಕಿನ ಬಗ್ಗೆ ಲೇಖನಗಳಿದ್ದರೆ ಇಲ್ಲೇ ಹಾಕಿ. ನೈಟ್ ಡ್ಯೂಟಿ ಇದೆ, ಉತ್ತರ ತಡವಾದರೆ ಬೇಜಾರು ಮಾಡ್ಕೋಬೇಡಿ.