ವೆಸ್ಟ್ ಕೋಸ್ಟ್ ಸ್ವಿಂಗ್: ಶುಗರ್ ಪುಶ್ ಕೊನೆಗೆ ತೋಳು ಯಾಕೆ ಜಗ್ಗುತ್ತೆ?

ಪ್ರಶ್ನೆ: ವೆಸ್ಟ್ ಕೋಸ್ಟ್ ಸ್ವಿಂಗ್ ಜೋಡಿ ನೃತ್ಯದಲ್ಲಿ ಶುಗರ್ ಪುಶ್‌ನ (ಜೋಡಿ ಹತ್ತಿರ ಬಂದು ಮತ್ತೆ ದೂರ ಸರಿಯುವ ಮೂಲ ಚಲನೆ) ಆರೂ ಎಣಿಕೆ ತಾಳಕ್ಕೆ ಸರಿಯಾಗಿ ಬೀಳುತ್ತೆ. ಆದ್ರೆ 5-6ಕ್ಕೆ ಬಂದಾಗ ಇಬ್ಬರ ಭುಜವೂ ಜಗ್ಗುತ್ತೆ. ತಪ್ಪು ನಡೆಸುವ ಲೀಡ್‌ದಾ, ಅನುಸರಿಸುವ ಫಾಲೋದಾ?

ಉತ್ತರ 1: ಹೆಚ್ಚಿನ ಸಲ ಆ್ಯಂಕರ್‌ದು, ಅಂದ್ರೆ ಕೊನೆಗೆ ನೆಲೆ ನಿಲ್ಲುವ ಹೆಜ್ಜೆಯದು. 1, 2 ನಡಿಗೆ, 3-ಮತ್ತು-4 ಟ್ರಿಪಲ್ (ಎರಡು ಎಣಿಕೆಗೆ ಮೂರು ಹೆಜ್ಜೆ), 5-ಮತ್ತು-6 ಆ್ಯಂಕರ್. ಆ್ಯಂಕರ್‌ನಲ್ಲಿ ಹಿಂದೆ ಓಡಬಾರದು. ಇದ್ದಲ್ಲೇ ಮೂರು ಸಲ ಭಾರ ಬದಲಿಸಬೇಕು. ಫಾಲೋ 5ಕ್ಕೆ ಎಡಪಾದವನ್ನು ಬಲ ಹಿಮ್ಮಡಿ ಹಿಂದೆ ತಂದು, ಬಲ, ಮತ್ತೆ ಎಡ. ಲೀಡ್‌ಗೆ ಇದರ ಕನ್ನಡಿ. 6ಕ್ಕೆ ಸೊಂಟ ಹಿಂಪಾದದ ಮೇಲೆ ಕೂರಬೇಕು. ಅಲ್ಲಿ ರಾಕ್-ಸ್ಟೆಪ್ (ಹಿಂದೆ ಹೆಜ್ಜೆ ಇಟ್ಟು ತಕ್ಷಣ ಮುಂದಕ್ಕೆ ಭಾರ ತರೋದು) ಹಾಕಿದ್ರೆ ಫಾಲೋ ಲೀಡ್‌ಗಿಂತ ಮೊದಲೇ ಮುಂದೆ ಚಿಮ್ಮುತ್ತಾರೆ, ಕೈ ಸಡಿಲ. ಆಮೇಲೆ ಲೀಡ್ ಎಳೆಯಲೇಬೇಕಾಗುತ್ತೆ.

ಉತ್ತರ 2: ಒಪ್ಪುತ್ತೇನೆ, ಆದ್ರೆ ಲೀಡ್‌ಗಳನ್ನೂ ಸುಮ್ಮನೆ ಬಿಡಬೇಡಿ! 1ಕ್ಕೆ ಮೊಣಕೈ ಮಡಚಿ ಎಳೆಯೋದು ಚಟ. ಎಡಗಾಲಿನ ಜೊತೆ ಇಡೀ ಮುಂಡ ಹಿಂದೆ ಹೋಗಲಿ, ಮೊಣಕೈ ಕೋನ ಹಾಗೇ ಇರಲಿ. ಕೈ ಫಾಲೋ ಹೊಕ್ಕುಳ ಎತ್ತರದಲ್ಲಿ, ಬೆರಳು ಕೊಕ್ಕೆಯಂತೆ, ಹೆಬ್ಬೆರಳಿಂದ ಅದುಮಬೇಡಿ.

ಉತ್ತರ 3: ಶೂ ನೋಡಿದ್ರಾ? ರಬ್ಬರ್ ಅಡಿ ಮರದ ನೆಲಕ್ಕೆ ಕಚ್ಚುತ್ತೆ, ತಿರುವಿನಲ್ಲಿ ಮೊಣಕಾಲು ತಿರುಚುತ್ತೆ. ಸ್ವೀಡ್ (ಮೃದು ಚರ್ಮ) ಅಡಿ ಹಾಕಿ. ಹಾಡು ನಿಮಿಷಕ್ಕೆ 100 ಬಡಿತದ ಆಸುಪಾಸಿರಲಿ. ತೀರಾ ನಿಧಾನದ್ದು ಸುಲಭ ಅನ್ನೋದು ಭ್ರಮೆ, ಸಮತೋಲನದ ಕುಂದೆಲ್ಲ ಅಲ್ಲೇ ಬಯಲು.