ಅಪ್ಪನ ಅಡುಗೆ, ಅಮ್ಮನ ಅಡುಗೆ: ಒಂದು ಪ್ರಶ್ನೆ, ಕೆಲವರ ಅನುಭವ

ಪ್ರಶ್ನೆ

ಹೆಂಡತಿಯ ಕೆಲಸದ ವೇಳೆ ಬದಲಾಗಿರುವುದರಿಂದ ಮೂರು ತಿಂಗಳಿಂದ ವಾರದಲ್ಲಿ ನಾಲ್ಕು ರಾತ್ರಿಯ ಅಡುಗೆ ನನ್ನ ಪಾಲಿಗೆ ಬಂದಿದೆ. ಹಿಂದೆ ರಜೆಯ ದಿನ ನಾನು ಸೌಟು ಹಿಡಿದರೆ ಕುಣಿದಾಡುತ್ತಿದ್ದ ಮಕ್ಕಳು ಈಗ "ಅಮ್ಮ ಮಾಡಿದ ಹಾಗಿಲ್ಲ" ಎಂದು ತಟ್ಟೆ ಸರಿಸುತ್ತಾರೆ. ಮಗಳಿಗೆ ಹನ್ನೊಂದು ವರ್ಷ, ಮಗನಿಗೆ ಏಳು. ಹೆಂಡತಿಯ ದೂರು ಬೇರೆಯೇ: "ನೀವು ಒಂದು ಹೊತ್ತು ಅಡುಗೆ ಮಾಡಿದರೆ ನನಗೆ ಎರಡು ಹೊತ್ತಿನ ಕೆಲಸ." ತಂದೆಯರು ಮಾಡುವ ಅಡುಗೆಗೂ ತಾಯಂದಿರು ಮಾಡುವ ಅಡುಗೆಗೂ ನಿಜವಾಗಿ ವ್ಯತ್ಯಾಸವಿದೆಯೇ? ಇದ್ದರೆ ಅದನ್ನು ಸರಿಪಡಿಸಿಕೊಂಡವರು ಹೇಗೆ ಸರಿಪಡಿಸಿಕೊಂಡಿರೆಂದು ತಿಳಿಸಬೇಕಾಗಿ ವಿನಂತಿ.

ಆರು ವರ್ಷಗಳಿಂದ ಮನೆಯ ಅಡುಗೆ ನೋಡಿಕೊಳ್ಳುತ್ತಿರುವ ತಂದೆಯೊಬ್ಬರ ಉತ್ತರ

ವ್ಯತ್ಯಾಸವಿದೆ. ಆದರೆ ಅದು ದಿನವೂ ಅಡುಗೆ ಮಾಡುವವರಿಗೂ ಅಪರೂಪಕ್ಕೊಮ್ಮೆ ಮಾಡುವವರಿಗೂ ನಡುವಿನ ವ್ಯತ್ಯಾಸವೆಂದು ನನಗೆ ಹೊಳೆಯಲು ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು. ಭಾನುವಾರಕ್ಕೊಮ್ಮೆ ಅಡುಗೆಮನೆಗೆ ಹೋಗುತ್ತಿದ್ದ ಕಾಲದಲ್ಲಿ ನಾನು ಮೊದಲು ಏನು ಮಾಡಬೇಕೆಂದು ಆರಿಸಿಕೊಂಡು, ಅದಕ್ಕೆ ಬೇಕಾದ ಸಾಮಾನನ್ನೆಲ್ಲ ಹೊಸದಾಗಿ ತಂದು, ಕೈಗೆ ಸಿಕ್ಕಿದ ಪಾತ್ರೆಗಳನ್ನೆಲ್ಲ ಇಳಿಸಿ, ಮೂರು ಗಂಟೆ ಒಲೆಯ ಮುಂದೆ ನಿಂತು, ಕೊನೆಗೆ ಊಟಕ್ಕೆ ಕುಳಿತವರ ಮುಖವನ್ನೇ ನೋಡುತ್ತ ಹೊಗಳಿಕೆಗೆ ಕಾಯುತ್ತಿದ್ದೆ. ನನ್ನ ಹೆಂಡತಿ ಫ್ರಿಜ್ಜಿನ ಬಾಗಿಲು ತೆರೆಯುವುದರಿಂದ ಆರಂಭಿಸುತ್ತಿದ್ದಳು. ಬಾಡುತ್ತಿರುವ ತರಕಾರಿ ಯಾವುದು, ನಿನ್ನೆ ಉಳಿದದ್ದೆಷ್ಟು, ನಾಳೆ ಬೆಳಗ್ಗೆ ಮಕ್ಕಳ ಡಬ್ಬಿಗೆ ಏನು ಎಂಬುದನ್ನೆಲ್ಲ ಲೆಕ್ಕ ಹಾಕಿದ ಮೇಲೆಯೇ ಅವಳು ಒಲೆ ಹಚ್ಚುತ್ತಿದ್ದಳು. ಅವಳ ಅಡುಗೆ ನಿನ್ನೆಯಿಂದ ಹೊರಟು ನಾಳೆಯವರೆಗೆ ಹೋಗುತ್ತಿತ್ತು. ನನ್ನದು ಆ ಒಂದು ತಟ್ಟೆಗೆ ಮುಗಿಯುತ್ತಿತ್ತು.

ಆಲಿಸನ್ ಡಾಮಿಂಜರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞೆ 35 ದಂಪತಿಗಳನ್ನು ಮಾತನಾಡಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮನೆವಾರ್ತೆಯ ಈ ಕಣ್ಣಿಗೆ ಕಾಣದ ಭಾಗವನ್ನು ನಾಲ್ಕಾಗಿ ಬಿಡಿಸಿದ್ದಾರೆ: ಮುಂದೆ ಏನು ಬೇಕಾಗಬಹುದೆಂದು ಊಹಿಸುವುದು, ಅದಕ್ಕೆ ಇರುವ ದಾರಿಗಳನ್ನು ಹುಡುಕುವುದು, ಅವುಗಳಲ್ಲಿ ಒಂದನ್ನು ನಿರ್ಧರಿಸುವುದು, ಆಮೇಲೆ ಅದು ಸರಿಯಾಗಿ ನಡೆಯಿತೇ ಎಂದು ಗಮನಿಸುತ್ತಿರುವುದು. ಮೊದಲನೆಯದೂ ಕೊನೆಯದೂ ಹೆಚ್ಚಾಗಿ ಹೆಂಗಸರ ಪಾಲಿಗೆ ಬೀಳುತ್ತವೆ, ನಿರ್ಧರಿಸುವ ಹೊತ್ತಿಗೆ ಮಾತ್ರ ಇಬ್ಬರೂ ಬಂದು ಸೇರುತ್ತಾರೆ ಎಂಬುದು ಅವರು ಕಂಡುಕೊಂಡ ಸಂಗತಿ. ನನ್ನ ವಿಷಯದಲ್ಲಿ ಇದು ಅಕ್ಷರಶಃ ನಿಜವಾಗಿತ್ತು. ಸಂಜೆ ಐದಕ್ಕೆ ಫೋನು ಮಾಡಿ "ಇವತ್ತು ಏನು ಮಾಡಲಿ?" ಎಂದು ಕೇಳುವುದೇ ದೊಡ್ಡ ಸಹಾಯವೆಂದು ನಾನು ತಿಳಿದಿದ್ದೆ. ಸೌಟು ನನ್ನ ಕೈಯಲ್ಲಿದ್ದರೂ ಅಡುಗೆ ಅವಳ ತಲೆಯಲ್ಲೇ ಬೇಯುತ್ತಿತ್ತು. ತಮ್ಮ ಪತ್ನಿಯವರು ಹೇಳಿದ ಎರಡು ಹೊತ್ತಿನ ಕೆಲಸಕ್ಕೆ ಇದೇ ಕಾರಣವಿರಬಹುದು. ಆದ್ದರಿಂದ ಆ ನಾಲ್ಕು ದಿನಗಳನ್ನು ಇಡಿಯಾಗಿ ವಹಿಸಿಕೊಳ್ಳಿ: ಸಾಮಾನು ಮುಗಿಯುತ್ತಿದೆಯೆಂದು ಗಮನಿಸುವುದರಿಂದ ಹಿಡಿದು ಒಲೆಯ ಕಟ್ಟೆ ಒರೆಸುವವರೆಗೆ ಏನನ್ನೂ ಕೇಳಬೇಡಿ. ಮೊದಲ ತಿಂಗಳು ಎಣ್ಣೆ ಮುಗಿದಿರುವುದು ಬಾಣಲೆ ಕಾದ ಮೇಲೆ ತಿಳಿಯುತ್ತದೆ. ಅದು ಹಾಗೆಯೇ ಕಲಿಯಬೇಕಾದ ಪಾಠ.

ಇನ್ನು ಉರಿಯ ವಿಚಾರ. ಗಂಡಸರು ಒಲೆಯನ್ನು ಕೊನೆಯವರೆಗೂ ತಿರುಗಿಸುತ್ತಾರೆ ಎಂಬ ಮಾತಿಗೆ ನನ್ನ ಮಟ್ಟಿಗೆ ಎದುರಾಡಲಾರೆ. ಹೆಚ್ಚಿದ ಈರುಳ್ಳಿಯನ್ನೆಲ್ಲ ಒಮ್ಮೆಗೇ ಸುರಿದು ದೊಡ್ಡ ಉರಿಯಲ್ಲಿ ಕೈಯಾಡಿಸುತ್ತಿದ್ದೆ; ಅಂಚು ಕಪ್ಪಾಗುತ್ತಿತ್ತು, ಒಳಗೆ ಹಸಿ ವಾಸನೆ ಉಳಿಯುತ್ತಿತ್ತು. ಈರುಳ್ಳಿಯಲ್ಲಿರುವ ನೀರು ಆವಿಯಾಗಿ ಹೋಗುವವರೆಗೆ ಅದರ ಶಾಖ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ನಿಲ್ಲುತ್ತದೆ, ಹೊಂಬಣ್ಣವನ್ನೂ ಪರಿಮಳವನ್ನೂ ಕೊಡುವ ಕ್ರಿಯೆ ಚುರುಕಾಗುವುದು ಸುಮಾರು 140 ಡಿಗ್ರಿ ದಾಟಿದ ಮೇಲೆ. ಆ ನೀರು ಹೊರಹೋಗಲು ಅಗಲವಾದ ಬಾಣಲೆ ಬೇಕು, ಹೊತ್ತು ಬೇಕು. ಹೆಂಡತಿ ಮಧ್ಯಮ ಉರಿಯಲ್ಲಿಟ್ಟು ಆ ಇಪ್ಪತ್ತು ನಿಮಿಷದಲ್ಲಿ ಮಗನ ಲೆಕ್ಕ ನೋಡಿ, ಒಣಗಿದ ಬಟ್ಟೆ ಮಡಿಸಿ ಬರುತ್ತಿದ್ದಳು. ಅದನ್ನು ತಾಳ್ಮೆಯೆಂದು ನಾನು ಮೆಚ್ಚುತ್ತಿದ್ದೆ. ಬೇರೆ ಕೆಲಸ ಮಾಡಿಕೊಳ್ಳಲು ಅವಳಿಗಿದ್ದ ಬಿಡುವು ಅದೊಂದೇ ಎಂದು ಅನಂತರ ತಿಳಿಯಿತು.

ಮಗಳೊಬ್ಬಳ ಉತ್ತರ

ನಮ್ಮ ಮನೆಯಲ್ಲಿ ಎಲ್ಲವೂ ತಲೆಕೆಳಗು. ದಿನದ ಅಡುಗೆ ಅಪ್ಪನದು, ಅದೂ ಪೂರ್ತಿ ಕಣ್ಣಳತೆಯಲ್ಲಿ. ಅಮ್ಮ ವರ್ಷಕ್ಕೆ ನಾಲ್ಕು ಬಾರಿ ತಕ್ಕಡಿ ಇಟ್ಟುಕೊಂಡು, ಪುಸ್ತಕ ತೆರೆದುಕೊಂಡು, ಯಾರೂ ಒಳಗೆ ಬರಕೂಡದೆಂದು ಬಾಗಿಲು ಹಾಕಿಕೊಂಡು ಮಾಡುತ್ತಿದ್ದರು. ನಾವು ಮಕ್ಕಳು "ಅಪ್ಪ ಮಾಡಿದ ಹಾಗಿಲ್ಲ" ಎನ್ನುತ್ತಿದ್ದೆವು. ಆದ್ದರಿಂದ ಮೇಲಿನವರ ಮಾತನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ.

ನನಗೆ ಹೇಳಬೇಕೆನಿಸಿರುವುದು ಉಪ್ಪಿನ ಕುರಿತು. ಮನೆ ಬಿಟ್ಟು ಬೇರೆ ಇರತೊಡಗಿದಾಗ ಅಪ್ಪನಿಗೆ ಫೋನು ಮಾಡಿ ಅಳತೆ ಕೇಳಿದೆ. "ಎರಡು ಚಮಚ ಉಪ್ಪು" ಎಂದರು. ಹಾಗೆಯೇ ಹಾಕಿದೆ, ಬಾಯಿಗಿಡಲಾಗಲಿಲ್ಲ. ರಜೆಗೆ ಹೋದಾಗ ನೋಡಿದರೆ ಅವರ ಚಮಚವೆಂದರೆ ಅಂಚು ಸವೆದ, ಡಬ್ಬಿಯಲ್ಲೇ ಇರುವ ಒಂದು ಪುಟ್ಟ ಚಮಚ, ಉಪ್ಪು ಕಲ್ಲುಪ್ಪು. ನನ್ನದು 5 ಮಿಲಿಲೀಟರಿನ ಚಮಚ, ನುಣುಪಾದ ಪುಡಿ ಉಪ್ಪು. ಅಂಥ ಒಂದು ಚಮಚ ಪುಡಿ ಉಪ್ಪು ಸುಮಾರು 6 ಗ್ರಾಂ ತೂಗುತ್ತದೆ. ಹರಳುಗಳ ನಡುವೆ ಗಾಳಿ ಸೇರಿರುವ ಕಲ್ಲುಪ್ಪು ಅದೇ ಚಮಚದಲ್ಲಿ ಅದಕ್ಕಿಂತ ಕಡಿಮೆ ಹಿಡಿಯುತ್ತದೆ. ಅಂದಿನಿಂದ ನಾನು ಮಾಡಿದ ಉಪಾಯವನ್ನೇ ತಮಗೂ ಸೂಚಿಸುತ್ತೇನೆ. ಒಂದು ದಿನ ಪತ್ನಿಯವರು ಎಂದಿನಂತೆ ಅಡುಗೆ ಮಾಡಲಿ; ಅವರ ಕೈಯಿಂದ ಪಾತ್ರೆಗೆ ಬೀಳಬೇಕಾದ ಉಪ್ಪು, ಖಾರ, ಹುಳಿ ಮೊದಲು ತಕ್ಕಡಿಯ ಮೇಲಿನ ಬಟ್ಟಲಿಗೆ ಬೀಳಲಿ, ನೀವು ಬರೆದುಕೊಳ್ಳಿ. ತರಕಾರಿಯನ್ನು ಎಷ್ಟು ದಪ್ಪ ಹೆಚ್ಚುತ್ತಾರೆ, ಯಾವುದನ್ನು ಯಾವುದರ ಮೊದಲು ಹಾಕುತ್ತಾರೆ ಎಂಬುದನ್ನೂ ಗುರುತಿಸಿಕೊಳ್ಳಿ. ಕೈರುಚಿಯೆಂದು ನಾವು ಕರೆಯುವುದರಲ್ಲಿ ಮುಕ್ಕಾಲು ಪಾಲು ಈ ಮೂರರಲ್ಲೇ ಇದೆಯೆಂಬುದು ನನ್ನ ಅನಿಸಿಕೆ.

ಅಂದಹಾಗೆ, ತೂಕ ಹಾಕಿದ್ದರಿಂದ ಇನ್ನೊಂದು ಲಾಭವಾಯಿತು. ವಯಸ್ಕರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಪ್ಪನ ಅಡುಗೆ ಒಂದೇ ಹೊತ್ತಿನಲ್ಲಿ ತಲೆಗೆ ಅದರ ಹತ್ತಿರ ಬರುತ್ತಿತ್ತು. ಈಗ ಅವರ ರಕ್ತದೊತ್ತಡದ ನೆಪದಲ್ಲಿ ಎಲ್ಲರಿಗೂ ಇಳಿಸಿದ್ದೇವೆ. ಅವರು ಇದನ್ನು ಇನ್ನೂ ಕ್ಷಮಿಸಿಲ್ಲ.

ತಾಯಿಯೊಬ್ಬರ ಉತ್ತರ

ನಾನು ಈ ಪ್ರಶ್ನೆಯಲ್ಲಿರುವ ಹೆಂಡತಿಯ ಸ್ಥಾನದಲ್ಲಿದ್ದವಳು. ನನ್ನ ತಪ್ಪನ್ನೂ ಹೇಳಬೇಕು. ನನ್ನ ಯಜಮಾನರು ಅಡುಗೆಗೆ ಕೈ ಹಾಕಿದ ಮೊದಲ ವಾರ ನಾನು ಅವರ ಬೆನ್ನ ಹಿಂದೆಯೇ ನಿಂತಿದ್ದೆ. ಚಾಕು ಹೀಗೆ ಹಿಡಿಯಬಾರದು, ಮುಚ್ಚಳ ಈಗ ತೆಗೆಯಬಾರದು, ಆ ಪಾತ್ರೆ ಅದಕ್ಕಲ್ಲ ಎಂದು ಹೇಳಿ ಹೇಳಿ ಅವರು ಎಂಟನೆಯ ದಿನ ಸೌಟು ಕೆಳಗಿಟ್ಟರು, ಎರಡು ವರ್ಷ ಮತ್ತೆ ಮುಟ್ಟಲಿಲ್ಲ. ಎರಡನೆಯ ಬಾರಿ ಆರಂಭಿಸಿದಾಗ ಆ ಹೊತ್ತಿಗೆ ಸರಿಯಾಗಿ ನಾನೇ ಚಪ್ಪಲಿ ಮೆಟ್ಟಿಕೊಂಡು ನಡೆದಾಡಲು ಹೋಗುತ್ತಿದ್ದೆ. ತರಕಾರಿ ನಾನು ಹೆಚ್ಚುವುದಕ್ಕಿಂತ ಎರಡರಷ್ಟು ದಪ್ಪವಿರುತ್ತಿತ್ತು; ಬೆಂದಿರುತ್ತಿತ್ತು ಕೂಡ. ನಮ್ಮೊಳಗೆ ಉಳಿದ ಕರಾರು ಒಂದೇ: ಬಡಿಸುವ ಮೊದಲು ಸಿಂಕ್ ಖಾಲಿಯಾಗಿರಬೇಕು. ಇದನ್ನು ಮುಂಚಿತವಾಗಿ ಮಾತನಾಡಿಕೊಂಡರೆ ಅರ್ಧ ಜಗಳ ಇಲ್ಲವಾಗುತ್ತದೆ.

ಮಕ್ಕಳು ತಟ್ಟೆ ಸರಿಸುವ ವಿಷಯದಲ್ಲಿ ಅವರಿಂದ ನಾನೇ ಕಲಿತೆ. ಮಗು ತಿನ್ನಲಿಲ್ಲವೆಂದರೆ ನನ್ನ ಜೀವ ಹಾರಿಹೋಗಿ ಮೊಟ್ಟೆಯನ್ನೋ ಹಾಲನ್ನವನ್ನೋ ಪ್ರತ್ಯೇಕವಾಗಿ ಮಾಡಿಕೊಡುತ್ತಿದ್ದೆ. ಅವರು ತಟ್ಟೆಯನ್ನು ತೆಗೆದಿಟ್ಟು, "ಹಸಿವಾದಾಗ ಹೇಳು, ಇದನ್ನೇ ಬಿಸಿ ಮಾಡಿಕೊಡುತ್ತೇನೆ" ಎಂದು ತಮ್ಮ ಊಟ ಮುಂದುವರಿಸುತ್ತಿದ್ದರು. ಹೊಸ ರುಚಿಯನ್ನು ಒಪ್ಪಿಕೊಳ್ಳುವ ಮೊದಲು ಮಗುವಿಗೆ ಅದು 8ರಿಂದ 15 ಬಾರಿ ಎದುರಾಗಬೇಕಾಗಬಹುದೆಂದು ಮಕ್ಕಳ ಆಹಾರದ ಅಧ್ಯಯನಗಳು ತೋರಿಸಿವೆ. ಎರಡನೆಯ ಬಾರಿಗೇ ಸೋತು ಬೇರೆ ಅಡುಗೆ ಮಾಡಿದರೆ ಆ ಲೆಕ್ಕ ಎಂದೂ ಮುಂದೆ ಹೋಗುವುದಿಲ್ಲ. ಮೂರು ತಿಂಗಳಿಗೇ ತಾವು ಎದೆಗುಂದಬೇಕಾಗಿಲ್ಲ.

ಎಚ್ಚರಿಕೆಯ ಒಂದು ಮಾತು, ಇನ್ನೊಬ್ಬರಿಂದ

ಅಪರೂಪಕ್ಕೆ ಅಡುಗೆ ಮಾಡುವವರು ಅಳತೆ ತಿಳಿಯದೆ ದೊಡ್ಡ ಪಾತ್ರೆ ತುಂಬ ಮಾಡುತ್ತಾರೆ, ಉಳಿದದ್ದನ್ನು ಒಲೆಯ ಮೇಲೆಯೇ ಬಿಡುತ್ತಾರೆ. ನಾನು ಹಾಗೆ ಬಿಟ್ಟ ಅನ್ನವನ್ನು ಮರುದಿನ ಮಧ್ಯಾಹ್ನ ಚೆನ್ನಾಗಿಯೇ ಬಿಸಿ ಮಾಡಿ ಬಡಿಸಿದೆ. ಸಂಜೆಯೊಳಗೆ ಮನೆಮಂದಿಗೆಲ್ಲ ವಾಂತಿ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಕಗಳು ಬೇಯಿಸಿದರೂ ಸಾಯದೆ, ಅನ್ನ ಬೆಚ್ಚಗೆ ಕುಳಿತಷ್ಟು ಹೊತ್ತು ಬೆಳೆದು, ಮತ್ತೆ ಕಾಯಿಸಿದರೂ ನಾಶವಾಗದ ವಿಷವನ್ನು ಉಂಟುಮಾಡಬಲ್ಲವು. ಬೇಯಿಸಿದ ಪದಾರ್ಥ ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿರಬಾರದು. ಅಗಲವಾದ ಪಾತ್ರೆಗೆ ಹರಡಿ ಬೇಗ ಆರಿಸಿ, 5 ಡಿಗ್ರಿಗಿಂತ ತಣ್ಣಗಿರುವ ಫ್ರಿಜ್ಜಿಗೆ ಸೇರಿಸಬೇಕು.

ಪ್ರಶ್ನೆ ಕೇಳಿದವರಿಂದ, ಎರಡು ವಾರಗಳ ನಂತರ

ಎಲ್ಲರಿಗೂ ಕೃತಜ್ಞತೆಗಳು. ತಕ್ಕಡಿಯ ಉಪಾಯವನ್ನು ಮಾಡಿ ನೋಡಿದೆ. ಉಪ್ಪಿನಲ್ಲಿ ನಮ್ಮಿಬ್ಬರಿಗೂ ಹೆಚ್ಚಿನ ವ್ಯತ್ಯಾಸವಿರಲಿಲ್ಲ. ವ್ಯತ್ಯಾಸ ಕಂಡದ್ದು ಬಡಿಸುವಾಗ. ಮಗಳ ತಟ್ಟೆಗೆ ಹಾಕುವ ಮೊದಲು ಹೆಂಡತಿ ಸೌಟಿನ ತುದಿಯಿಂದ ಈರುಳ್ಳಿಯ ಚೂರುಗಳನ್ನು ಬದಿಗೆ ಸರಿಸಿದಳು. ಕೇಳಿದರೆ, ಎಂದಿನಿಂದ ಹಾಗೆ ಮಾಡುತ್ತಿದ್ದಾಳೆಂದು ಅವಳಿಗೂ ನೆನಪಿಲ್ಲ. ಅಮ್ಮನ ಅಡುಗೆಯಲ್ಲಿ ಈರುಳ್ಳಿಯೇ ಇರುವುದಿಲ್ಲವೆಂದು ಮಗಳು ಇಷ್ಟು ವರ್ಷ ನಂಬಿದ್ದಳು. "ಏನು ಮಾಡಲಿ?" ಎಂಬ ಫೋನನ್ನು ಹನ್ನೆರಡು ದಿನಗಳಿಂದ ಮಾಡಿಲ್ಲ. ಒಂದು ಸಲ ಎಣ್ಣೆ, ಒಂದು ಸಲ ಅಕ್ಕಿ ಮುಗಿದಿತ್ತು. ಮಗನಿಗೆ ಯಾವುದು ಸರಿಬರುತ್ತಿಲ್ಲವೆಂದು ಇನ್ನೂ ತಿಳಿಯದು. ಗುರುವಾರ ಅವನನ್ನೇ ಸ್ಟೂಲಿನ ಮೇಲೆ ಕೂರಿಸಿಕೊಂಡು ರುಚಿ ನೋಡಿಸಬೇಕೆಂದಿದ್ದೇನೆ.